ಸರದಿಯನ್ನು ಅಳೆಯುವುದು: ವರ್ಚುವಲ್ ಮಷಿನ್‌ಗಳ ಸಾಮರ್ಥ್ಯ ಯೋಜನೆ

(ಬಾಗಲಕೋಟೆಯಲ್ಲಿ ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಆಸ್ಪತ್ರೆ ಮತ್ತು ಕಾಲೇಜುಗಳ ಗಣಕ ವಿಭಾಗದವರ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದ ಕೂಡಲೇ ನಮ್ಮ ಗಣಕ ವಿಭಾಗಗಳಲ್ಲಿ ಸಾಮಾನ್ಯವಾಗಿ ನಡೆಯುವ ಮೊದಲ ಕೆಲಸವೆಂದರೆ ಆ ವರ್ಚುವಲ್ ಮಷಿನ್‌ಗೆ, ಅಂದರೆ ಒಂದು ಭೌತಿಕ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಗಣಕಕ್ಕೆ, ಇನ್ನೆರಡು ಪ್ರೊಸೆಸರ್‌ಗಳನ್ನೂ ಇನ್ನೆಂಟು ಜಿಬಿ ಮೆಮೊರಿಯನ್ನೂ ಸೇರಿಸುವುದು. ಪರದೆಯ ಮೇಲೆ ಎರಡು ಅಂಕಿಗಳನ್ನು ಬದಲಿಸಿದರೆ ಮುಗಿಯುವ ಕೆಲಸವಾದ್ದರಿಂದ ಯಾರೂ ಹೆಚ್ಚು ಯೋಚಿಸುವುದಿಲ್ಲ. ಇದರಿಂದ ಒಮ್ಮೊಮ್ಮೆ ದೂರು ನಿಲ್ಲುತ್ತದೆ, ಹಲವು ಸಲ ಏನೂ ಬದಲಾಗುವುದಿಲ್ಲ, ಇನ್ನು ಕೆಲವು ಸಲ ಆ ಮಷಿನ್ ಮೊದಲಿಗಿಂತಲೂ ನಿಧಾನವಾಗಿ, ಅದೇ ಹೋಸ್ಟ್‌ನಲ್ಲಿ (ಮಷಿನ್‌ಗಳನ್ನು ಹೊತ್ತಿರುವ ಭೌತಿಕ ಯಂತ್ರದಲ್ಲಿ) ಇರುವ ಬೇರೆ ಮಷಿನ್‌ಗಳನ್ನೂ ತನ್ನೊಂದಿಗೆ ಎಳೆದುಕೊಳ್ಳುತ್ತದೆ. ಈ ಮೂರನೆಯ ಪರಿಣಾಮ ಏಕೆ ಉಂಟಾಗುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡವರಿಗೆ ಸಾಮರ್ಥ್ಯ ಯೋಜನೆಯ ಮುಕ್ಕಾಲು ಪಾಲು ಕೈಗೆ ಬಂದಂತೆಯೇ. ವರ್ಚುವಲ್ ಮಷಿನ್ ನಿಧಾನವಾಗುವುದು ಬಹುತೇಕ ಅದಕ್ಕೆ ಕೊಟ್ಟದ್ದು ಸಾಲದೆಂದಲ್ಲ. ಅದರ ಕೆಳಗಿರುವ, ಎಲ್ಲರೂ ಹಂಚಿಕೊಂಡಿರುವ ಪ್ರೊಸೆಸರ್, ಮೆಮೊರಿ ಮತ್ತು ಡಿಸ್ಕುಗಳ ಮುಂದೆ ಅದು ಕಾಯುತ್ತಾ ನಿಂತಿರುವುದರಿಂದ. ಆದ್ದರಿಂದ ಎಷ್ಟು ಬಳಕೆಯಾಗುತ್ತಿದೆ ಎಂಬ ಒಂದೇ ಪ್ರಶ್ನೆಯನ್ನು ಬಿಟ್ಟು, ಯಾರು ಎಷ್ಟು ಹೊತ್ತು ಕಾಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮಗೆ ಬರಬೇಕು. ಇಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇರುತ್ತದೆ.

ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ವಿಚಾರ ಹೊಸದಲ್ಲ. ಐಬಿಎಂ ಸಂಸ್ಥೆಯು 1960ರ ದಶಕದಲ್ಲಿಯೇ ತನ್ನ ದೊಡ್ಡ ಗಣಕಗಳ ಮೇಲೆ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ಪ್ರಕಟಿಸಿತ್ತು. ನಾವೆಲ್ಲ ಬಳಸುವ ಸಾಮಾನ್ಯ ಇಂಟೆಲ್ ಮಾದರಿಯ ಯಂತ್ರಗಳಿಗೆ ಇದು ಬಂದದ್ದು ಬಹಳ ತಡವಾಗಿ. ವಿಎಂವೇರ್ ಸಂಸ್ಥೆಯ ಮೊದಲ ಉತ್ಪನ್ನ ಹೊರಬಂದದ್ದು 1999ರಲ್ಲಿ, ಇಂಟೆಲ್ ತನ್ನ ಪ್ರೊಸೆಸರ್‌ಗಳಲ್ಲಿಯೇ ಇದಕ್ಕೆ ಬೇಕಾದ ನೆರವನ್ನು ಅಳವಡಿಸಿದ್ದು 2005ರಲ್ಲಿ, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಇದೇ ಕೆಲಸ ಮಾಡುವ ಕೆವಿಎಂ ಸೇರಿದ್ದು 2007ರಲ್ಲಿ. ಕಾಲ ಬೇರೆಯಾದರೂ ಉದ್ದೇಶ ಒಂದೇ ಆಗಿತ್ತು: ದಿನದ ಬಹುಪಾಲು ಸುಮ್ಮನೆ ಕುಳಿತಿರುವ ದುಬಾರಿ ಯಂತ್ರವನ್ನು ಹಲವರು ಹಂಚಿಕೊಳ್ಳುವುದು. ಹಂಚಿಕೊಳ್ಳುವವರಿಗೆಲ್ಲ ಒಂದೇ ಹೊತ್ತಿಗೆ ಬೇಕಾದರೆ ಏನಾಗುತ್ತದೆ ಎಂಬ ಪ್ರಶ್ನೆ ಈ ಉದ್ದೇಶದ ಒಳಗೇ ಇದೆ. ಪ್ರತಿಯೊಂದು ಮಷಿನ್ ತನಗೆ ನಾಲ್ಕು ಪ್ರೊಸೆಸರ್‌ಗಳಿವೆ ಎಂದು ನಂಬಿಕೊಂಡಿರುತ್ತದೆ. ಆ ನಾಲ್ಕನ್ನೂ ಬೇರೆಯವರಿಗೂ ಕೊಡಲಾಗಿದೆ ಎಂಬುದು ಅದಕ್ಕೆ ತಿಳಿದಿರುವುದಿಲ್ಲ.

ಈ ಕಾಯುವಿಕೆಯ ಲೆಕ್ಕವನ್ನು ನಮ್ಮ ಜಿಲ್ಲೆಯವರಿಗೆ ವಿವರಿಸಲು ಸಕ್ಕರೆ ಕಾರ್ಖಾನೆಯ ಅಂಗಳಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಮುಧೋಳ, ಜಮಖಂಡಿ ಕಡೆಯಿಂದ ಬಂದಿರುವ ನಿಮಗೆ ಹಂಗಾಮಿನಲ್ಲಿ ರಸ್ತೆಯವರೆಗೂ ನಿಂತ ಟ್ರ್ಯಾಕ್ಟರ್‌ಗಳ ಸಾಲು ಚೆನ್ನಾಗಿ ಗೊತ್ತು. ಒಂದು ತೂಕದ ಕಾಟಾ ಇದೆ, ಒಂದು ವಾಹನವನ್ನು ತೂಗಲು ಸರಾಸರಿ ಒಂದು ನಿಮಿಷ ಬೇಕು ಎಂದುಕೊಳ್ಳಿ. ಗಂಟೆಗೆ 60 ವಾಹನಗಳನ್ನು ತೂಗಬಹುದು. ವಾಹನಗಳು ನಿಮಿಷಕ್ಕೊಂದರಂತೆ ಗಡಿಯಾರ ನೋಡಿಕೊಂಡು ಬಂದರೆ ಸರದಿಯೇ ಇರುವುದಿಲ್ಲ. ಆದರೆ ಅವು ಹಾಗೆ ಬರುವುದಿಲ್ಲ. ಐದು ಒಟ್ಟಿಗೆ ಬರುತ್ತವೆ, ಆಮೇಲೆ ಹತ್ತು ನಿಮಿಷ ಒಂದೂ ಬರುವುದಿಲ್ಲ. ಹೀಗೆ ಮನಬಂದಂತೆ ಬರುವ, ತೂಗುವ ಸಮಯವೂ ಹೆಚ್ಚು ಕಡಿಮೆಯಾಗುವ ಸರದಿಗೆ ಒಂದು ಸರಳ ಸೂತ್ರವಿದೆ: ಒಟ್ಟು ತಗಲುವ ಸಮಯವನ್ನು ತಿಳಿಯಲು ಸೇವೆಯ ಸಮಯವನ್ನು, ಒಂದರಲ್ಲಿ ಬಳಕೆಯ ಭಾಗವನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. ಗಂಟೆಗೆ 30 ವಾಹನ ಬಂದರೆ ಕಾಟಾದ ಬಳಕೆ ಶೇ. 50, ಕಾಯುವುದೂ ತೂಗುವುದೂ ಸೇರಿ 2 ನಿಮಿಷ. 48 ವಾಹನ ಬಂದರೆ ಬಳಕೆ ಶೇ. 80, ತಗಲುವ ಸಮಯ 5 ನಿಮಿಷ. 54 ಬಂದರೆ 10 ನಿಮಿಷ. 57 ಬಂದರೆ 20 ನಿಮಿಷ. ಗಮನಿಸಿ, 30ರಿಂದ 48ಕ್ಕೆ ಏರಿದಾಗ, ಅಂದರೆ ಹದಿನೆಂಟು ವಾಹನ ಹೆಚ್ಚಾದಾಗ, ಬೆಳೆದದ್ದು ಮೂರು ನಿಮಿಷ. ಮುಂದಿನ ಒಂಬತ್ತೇ ವಾಹನಗಳಿಗೆ ಬೆಳೆದದ್ದು ಹದಿನೈದು ನಿಮಿಷ. ಮೊನ್ನೆಯವರೆಗೆ ಚೆನ್ನಾಗಿದ್ದ ಸರ್ವರ್ ಇದ್ದಕ್ಕಿದ್ದಂತೆ ಹೀಗಾಯಿತು ಎಂದು ನಾವು ಹೇಳುವುದರ ಹಿಂದೆ ಇರುವುದು ಈ ವಕ್ರರೇಖೆಯೇ ಹೊರತು ಯಾವುದೇ ಹಠಾತ್ ಘಟನೆಯಲ್ಲ.

ಈ ಲೆಕ್ಕಗಳ ಮೂಲಪುರುಷ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ ಎರ್ಲಾಂಗ್. ಊರಿನ ಕರೆಗಳಿಗೆ ಎಷ್ಟು ಮಾರ್ಗಗಳು ಸಾಕು ಎಂಬ ಪ್ರಶ್ನೆಯ ಬೆನ್ನು ಹತ್ತಿ ಅವರು ತಮ್ಮ ಮೊದಲ ಪ್ರಬಂಧವನ್ನು ಪ್ರಕಟಿಸಿದ್ದು 1909ರಲ್ಲಿ. ಗಣಕಗಳು ಹುಟ್ಟುವುದಕ್ಕೆ ದಶಕಗಳ ಮೊದಲೇ ಹಾಕಿದ ಆ ತಳಪಾಯದ ಮೇಲೆಯೇ ಇಂದಿನ ದತ್ತಾಂಶ ಕೇಂದ್ರಗಳ ಲೆಕ್ಕವೂ ನಿಂತಿದೆ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ತಿಳಿದಿರಬೇಕು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಇನ್ನೊಂದು ನಿಯಮವೂ ನಮಗೆ ಬೇಕು. ಗಂಟೆಗೆ 40 ವಾಹನಗಳು ಬರುತ್ತಿದ್ದು, ಪ್ರತಿಯೊಂದೂ ಸರಾಸರಿ 3 ಗಂಟೆ ಒಳಗಿದ್ದರೆ ಅಂಗಳದಲ್ಲಿ ಯಾವ ಹೊತ್ತಿನಲ್ಲಿಯೂ ಸರಾಸರಿ 120 ವಾಹನಗಳಿರುತ್ತವೆ. ಡಿಸ್ಕಿಗೂ ಇದೇ ಲೆಕ್ಕ: ಸೆಕೆಂಡಿಗೆ 400 ಓದು-ಬರಹಗಳು ಬರುತ್ತಿದ್ದು, ಪ್ರತಿಯೊಂದಕ್ಕೂ 20 ಮಿಲಿಸೆಕೆಂಡ್ ಹಿಡಿಯುತ್ತಿದ್ದರೆ ಸರಾಸರಿ 8 ಕೋರಿಕೆಗಳು ಸದಾ ಬಾಕಿ ಇರುತ್ತವೆ. ಬರುವ ದರ, ಒಳಗಿರುವ ಸಮಯ, ಒಳಗಿರುವ ಸಂಖ್ಯೆ ಈ ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದನ್ನು ಅಳೆಯದೆಯೇ ಹೇಳಬಹುದು, ಅಳೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲೂಬಹುದು.

ಈಗ ಪ್ರೊಸೆಸರ್‌ಗೆ ಬರೋಣ. ಮೇಲಿನ ಸೂತ್ರ ಒಂದೇ ಕಾಟಾ ಇರುವಲ್ಲಿಗೆ ಅನ್ವಯಿಸುವಂಥದು. 32 ಕೋರ್‌ಗಳ (ಪ್ರೊಸೆಸರ್‌ನೊಳಗಿನ ಸ್ವತಂತ್ರ ಗಣನಾ ಘಟಕಗಳ) ಹೋಸ್ಟ್‌ನಲ್ಲಿ ಒಂದು ಬಿಡುವಿಲ್ಲದಿದ್ದರೆ ಇನ್ನೊಂದು ಸಿಗುವುದರಿಂದ ವಕ್ರರೇಖೆ ಬಹಳ ದೂರ ಸಪಾಟಾಗಿದ್ದು ಕೊನೆಯಲ್ಲಿ ಕಡಿದಾಗಿ ಏರುತ್ತದೆ. ಆದ್ದರಿಂದ ಹೋಸ್ಟ್‌ನ ಪ್ರೊಸೆಸರ್ ಬಳಕೆ ಶೇ. 70 ಎಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಶೇ. 50 ಎಂದ ಮಾತ್ರಕ್ಕೆ ನೆಮ್ಮದಿಯಿಂದಲೂ ಇರಬೇಕಿಲ್ಲ. ನೋಡಬೇಕಾದ ಅಂಕಿ ಬೇರೆ ಇದೆ. ವಿಎಂವೇರ್ ಬಳಸುವವರು ಅದನ್ನು ರೆಡಿ ಟೈಮ್ ಎಂಬ ಹೆಸರಿನಲ್ಲಿ ಕಾಣುತ್ತಾರೆ: ಮಷಿನ್ ಕೆಲಸಕ್ಕೆ ಸಿದ್ಧವಾಗಿದ್ದರೂ ಕೋರ್ ಸಿಗದೆ ಕಾದ ಸಮಯ ಅದು. ಲಿನಕ್ಸ್ ಮಷಿನ್‌ನ ಒಳಗಿನಿಂದ ನೋಡುವವರಿಗೆ ಟಾಪ್ ಆದೇಶದ ಮೇಲಿನ ಸಾಲಿನಲ್ಲಿ ಎಸ್‌ಟಿ ಎಂಬ ಅಂಕಿ ಕಾಣುತ್ತದೆ. ಸ್ಟೀಲ್ ಟೈಮ್ ಎಂದು ಕರೆಯುವ ಅದು ಕೆವಿಎಂ ಮೊದಲಾದ ವ್ಯವಸ್ಥೆಗಳಲ್ಲಿ ಇದೇ ಸಂಗತಿಯನ್ನು ಹೇಳುತ್ತದೆ. ವಿಎಂವೇರ್‌ನ ನಿರ್ವಹಣಾ ತಂತ್ರಾಂಶವಾದ ವಿಸೆಂಟರ್‌ನ ತತ್‌ಕ್ಷಣದ ನಕ್ಷೆಯಲ್ಲಿ ರೆಡಿ ಟೈಮ್ ಮಿಲಿಸೆಕೆಂಡುಗಳಲ್ಲಿ, 20 ಸೆಕೆಂಡುಗಳ ಅವಧಿಗೆ ಕೂಡಿಸಿ ಬರುತ್ತದೆ. ಅಲ್ಲಿ 2000 ಎಂದಿದ್ದರೆ 20,000 ಮಿಲಿಸೆಕೆಂಡಿನಲ್ಲಿ 2000, ಅಂದರೆ ಶೇ. 10. ಆದರೆ ಇದು ಆ ಮಷಿನ್‌ನ ಎಲ್ಲ ವರ್ಚುವಲ್ ಪ್ರೊಸೆಸರ್‌ಗಳ ಒಟ್ಟು ಮೊತ್ತ. ನಾಲ್ಕು ಪ್ರೊಸೆಸರ್‌ಗಳ ಮಷಿನ್ ಆಗಿದ್ದರೆ ಒಂದಕ್ಕೆ ಶೇ. 2.5 ಮಾತ್ರ. ಈ ಭಾಗಾಕಾರವನ್ನು ಮರೆತು ಹೋಸ್ಟ್ ಸಾಲದೆಂದು ತೀರ್ಮಾನಿಸುವುದು ಸುಲಭ. ಒಂದು ವರ್ಚುವಲ್ ಪ್ರೊಸೆಸರ್‌ಗೆ ಶೇ. 5 ದಾಟಿದರೆ ಕಣ್ಣಿಡಬೇಕು, ಶೇ. 10 ದಾಟಿದರೆ ಬಳಕೆದಾರರಿಗೆ ಅದರ ಬಿಸಿ ತಟ್ಟುತ್ತದೆ ಎಂಬುದು ಈ ಕೆಲಸದಲ್ಲಿರುವವರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಅಳತೆ.

ಮೊದಲಿಗೆ ಹೇಳಿದ ಮೂರನೆಯ ಪರಿಣಾಮಕ್ಕೆ ಇಲ್ಲಿ ಉತ್ತರವಿದೆ. ಎಂಟು ಪ್ರೊಸೆಸರ್‌ಗಳ ಮಷಿನ್‌ನಲ್ಲಿ ಆ ಎಂಟೂ ಹೆಚ್ಚು ಕಡಿಮೆ ಒಟ್ಟಿಗೆ ಮುಂದೆ ಸಾಗಬೇಕು. ಒಂದು ತುಂಬ ಮುಂದೆ ಹೋಗಿ ಇನ್ನೊಂದು ಕೋರ್ ಸಿಗದೆ ಹಿಂದೆ ಉಳಿದರೆ, ಮುಂದೆ ಹೋದದ್ದನ್ನು ಹೈಪರ್‌ವೈಸರ್, ಅಂದರೆ ಹೋಸ್ಟನ್ನು ಮಷಿನ್‌ಗಳಿಗೆ ಹಂಚಿಕೊಡುವ ತಂತ್ರಾಂಶ, ತಡೆದು ನಿಲ್ಲಿಸುತ್ತದೆ. ಈ ತಡೆಯ ಸಮಯಕ್ಕೆ ಕೋ-ಸ್ಟಾಪ್ ಎಂದು ಹೆಸರು. ಎರಡು ಪ್ರೊಸೆಸರ್‌ಗಳಲ್ಲಿ ಮುಗಿಯುವ ಕೆಲಸಕ್ಕೆ ಎಂಟನ್ನು ಕೊಟ್ಟಾಗ ಉಳಿದ ಆರು ಹೆಚ್ಚಿನ ಕೆಲಸ ಮಾಡದಿದ್ದರೂ ಸಮಯ ಹಂಚಿಕೆಯ ಸರದಿಗೆ ಬಂದು ಸೇರುತ್ತವೆ. ಆದ್ದರಿಂದ ಹೊಸ ಮಷಿನ್‌ಗೆ ಎರಡು ಪ್ರೊಸೆಸರ್‌ಗಳಿಂದ ಆರಂಭಿಸಿ, ಒಳಗಿನ ಬಳಕೆ ನಿಜವಾಗಿಯೂ ಏರಿದಾಗ ಮಾತ್ರ ಹೆಚ್ಚಿಸಬೇಕು. ತಂತ್ರಾಂಶ ಮಾರುವವರು ಕೊಡುವ ಅವಶ್ಯಕತೆಗಳ ಪಟ್ಟಿಯಲ್ಲಿ ಹದಿನಾರು ಕೋರ್ ಎಂದಿದ್ದರೆ ಅದು ಯಾವ ಗಾತ್ರದ ಸಂಸ್ಥೆಗೆ, ಎಷ್ಟು ಬಳಕೆದಾರರಿಗೆ ಎಂದು ಕೇಳುವ ಹಕ್ಕು ನಿಮಗಿದೆ. ಒಂದು ಕೋರನ್ನು ಎರಡರಂತೆ ತೋರಿಸುವ ಹೈಪರ್ ಥ್ರೆಡಿಂಗ್ ಬಗ್ಗೆಯೂ ಒಂದು ಮಾತು: 32 ಕೋರ್‌ಗಳ ಹೋಸ್ಟ್ ಪರದೆಯ ಮೇಲೆ 64 ಎಂದು ತೋರಿಸುತ್ತದೆ, ಆದರೆ ಅದು ಎರಡು ಪಟ್ಟು ಸಾಮರ್ಥ್ಯವಲ್ಲ. ಯೋಜನೆಯ ಲೆಕ್ಕವನ್ನು 32ರ ಮೇಲೆಯೇ ಹಾಕಿ, ಹೆಚ್ಚಿಗೆ ಸಿಕ್ಕದ್ದನ್ನು ಮೀಸಲು ಎಂದು ಬಿಡಿ.

ಮೆಮೊರಿಯ ಸ್ವಭಾವ ಬೇರೆ. ಪ್ರೊಸೆಸರ್ ಸಾಲದಿದ್ದರೆ ಎಲ್ಲರೂ ಸ್ವಲ್ಪ ಸ್ವಲ್ಪ ಕಾಯುತ್ತಾರೆ. ಮೆಮೊರಿ ಸಾಲದಿದ್ದರೆ ಒಂದು ಹಂತದವರೆಗೆ ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಮ್ಮೆಲೇ ಕುಸಿಯುತ್ತದೆ. ಹೈಪರ್‌ವೈಸರ್ ಹೊಂದಿಸಿಕೊಳ್ಳಲು ತನ್ನಿಂದಾದ ಪ್ರಯತ್ನ ಮಾಡುತ್ತದೆ. ಎರಡು ಮಷಿನ್‌ಗಳಲ್ಲಿ ಒಂದೇ ರೀತಿಯ ಮೆಮೊರಿ ಪುಟಗಳು (ಮೆಮೊರಿಯ ಸಣ್ಣ ತುಣುಕುಗಳು) ಇದ್ದರೆ ಒಂದೇ ಪ್ರತಿಯನ್ನಿಟ್ಟು ಉಳಿಸುವ ವಿಧಾನವಿದೆ. ಭದ್ರತೆಯ ಕಾರಣದಿಂದ ವಿಎಂವೇರ್ ಇದನ್ನು ಬೇರೆ ಬೇರೆ ಮಷಿನ್‌ಗಳ ನಡುವೆ ತಾನಾಗಿ ನಡೆಯದಂತೆ ಬದಲಿಸಿರುವುದರಿಂದ ಹಳೆಯ ಪುಸ್ತಕಗಳಲ್ಲಿ ಹೇಳಿರುವಷ್ಟು ಉಳಿತಾಯವನ್ನು ಈಗ ನಿರೀಕ್ಷಿಸುವಂತಿಲ್ಲ. ಇನ್ನೊಂದು ವಿಧಾನವೆಂದರೆ ಮಷಿನ್‌ನ ಒಳಗಿರುವ ಬಲೂನ್ ಡ್ರೈವರ್ ಮೆಮೊರಿಯನ್ನು ತಾನು ಹಿಡಿದುಕೊಂಡು, ಅದನ್ನು ಹೋಸ್ಟ್‌ಗೆ ಮರಳಿಸುವುದು. ಒಳಗಿನ ಆಪರೇಟಿಂಗ್ ಸಿಸ್ಟಮ್ ತನಗೆ ಬೇಡವಾದ ಪುಟಗಳನ್ನು ತಾನೇ ಆರಿಸಿ ಬಿಡುವುದರಿಂದ ಇದು ಸಹ್ಯ. ಕೊನೆಯ ದಾರಿ ಹೋಸ್ಟ್ ತಾನೇ ಪುಟಗಳನ್ನು ಡಿಸ್ಕಿಗೆ ಬರೆಯುವುದು. ಯಾವ ಪುಟ ಮುಖ್ಯ ಎಂಬುದು ಹೋಸ್ಟ್‌ಗೆ ತಿಳಿಯದೆ ಇರುವುದರಿಂದ ದತ್ತಾಂಶ ಕೋಶದ (ಡೇಟಾಬೇಸ್‌ನ) ಅತ್ಯಂತ ಅಗತ್ಯದ ಪುಟವೇ ಡಿಸ್ಕಿಗೆ ಹೋಗಬಹುದು. ಹೀಗೆ ಡಿಸ್ಕಿಗೆ ಹೋದದ್ದನ್ನು ತೋರಿಸುವ ಹೋಸ್ಟ್ ಮಟ್ಟದ ಸ್ವಾಪ್ ಅಂಕಿ ಸೊನ್ನೆಗಿಂತ ಹೆಚ್ಚಾಗಿ ಏರುತ್ತಲೇ ಇದ್ದರೆ ಬೇರೆ ಯಾವ ತನಿಖೆಯನ್ನೂ ಆರಂಭಿಸುವ ಮೊದಲು ಅದನ್ನು ಸರಿಪಡಿಸಬೇಕು. ದತ್ತಾಂಶ ಕೋಶದ ಮಷಿನ್‌ಗಳಿಗೂ ದೊಡ್ಡ ಜಾವಾ ತಂತ್ರಾಂಶಗಳಿಗೂ ಕೊಟ್ಟ ಮೆಮೊರಿಯನ್ನು ಪೂರ್ತಿಯಾಗಿ ಕಾಯ್ದಿರಿಸುವುದು ಒಳ್ಳೆಯದು. ದತ್ತಾಂಶ ಕೋಶದ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ಗೆ ಮೆಮೊರಿಯ ಗರಿಷ್ಠ ಮಿತಿಯನ್ನು ನಿಗದಿಪಡಿಸದೆ ಬಿಟ್ಟರೆ ಅದು ಸಿಕ್ಕಷ್ಟನ್ನೂ ತನ್ನ ಸಂಗ್ರಹಕ್ಕೆ ಬಳಸಿಕೊಳ್ಳುತ್ತದೆ, ಬಳಕೆ ಶೇ. 95 ಎಂದು ಕಂಡ ಕೂಡಲೇ ಅದಕ್ಕೆ ಇನ್ನಷ್ಟು ಕೊಟ್ಟರೆ ಅದನ್ನೂ ತುಂಬಿಸಿಕೊಂಡು ಮತ್ತೆ ಶೇ. 95ನ್ನೇ ತೋರಿಸುತ್ತದೆ. ಇನ್ನು, ಹಿಂದೆ ಯಾರೋ ಒಂದು ಮಾದರಿ ಮಷಿನ್‌ಗೆ ಹಾಕಿದ ಮೆಮೊರಿ ಮಿತಿ ಅದರಿಂದ ಹುಟ್ಟಿದ ಎಲ್ಲ ಪ್ರತಿಗಳಿಗೂ ಬಂದು, ಹೋಸ್ಟ್‌ನಲ್ಲಿ ನೂರು ಜಿಬಿ ಖಾಲಿ ಇದ್ದರೂ ಮಷಿನ್ ಸ್ವಾಪ್ ಆಗುವುದುಂಟು. ಕಾರಣವೇ ತಿಳಿಯದ ನಿಧಾನಗತಿ ಕಂಡಾಗ ಈ ಮಿತಿಯನ್ನು ಒಮ್ಮೆ ನೋಡಿ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಡಿಸ್ಕಿನ ಬಳಿ, ಏಕೆಂದರೆ ನಮ್ಮ ಭಾಗದ ಸಣ್ಣ ಸಂಸ್ಥೆಗಳಲ್ಲಿ ಇಕ್ಕಟ್ಟು ಉಂಟಾಗುವುದು ಹೆಚ್ಚಾಗಿ ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಡಿಸ್ಕನ್ನು ನಾವು ಟೆರಾಬೈಟ್ ಲೆಕ್ಕದಲ್ಲಿ ಕೊಳ್ಳುತ್ತೇವೆ; ಅದು ದುಡಿಯುವುದು ಸೆಕೆಂಡಿಗೆ ಎಷ್ಟು ಓದು-ಬರಹ ಎಂಬ ಲೆಕ್ಕದಲ್ಲಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ; ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆಯೇ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಕೆಲವು ಮಿಲಿಸೆಕೆಂಡ್. ಹೀಗೆ ಚದುರಿದ ಓದು-ಬರಹಗಳಾದರೆ ಸೆಕೆಂಡಿಗೆ ಸುಮಾರು 80 ಮಾತ್ರ ಸಾಧ್ಯ. ಹನ್ನೆರಡು ಡಿಸ್ಕುಗಳಿದ್ದರೆ 960. ಆದರೆ ಇಷ್ಟೂ ನಮಗೆ ದಕ್ಕುವುದಿಲ್ಲ. ಒಂದು ಡಿಸ್ಕು ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ರೈಡ್ ವಿಧಾನಗಳಲ್ಲಿ ಒಂದಾದ ರೈಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಹಳೆಯ ದತ್ತಾಂಶವನ್ನೂ ಹಳೆಯ ಪ್ಯಾರಿಟಿಯನ್ನೂ (ಕಳೆದುಹೋದ ದತ್ತಾಂಶವನ್ನು ಮರಳಿ ಪಡೆಯಲು ಇಟ್ಟ ಲೆಕ್ಕವನ್ನೂ) ಓದಿ, ಎರಡನ್ನೂ ಹೊಸದಾಗಿ ಬರೆಯಬೇಕು. ಒಂದು ಬರಹ ನಾಲ್ಕು ಕೆಲಸಗಳಾಗುತ್ತದೆ. ರೈಡ್ 6ರಲ್ಲಿ ಆರು, ರೈಡ್ 10ರಲ್ಲಿ ಎರಡು. ಅರ್ಧ ಓದು ಅರ್ಧ ಬರಹ ಇರುವ ಕೆಲಸಕ್ಕೆ ಅದೇ ಹನ್ನೆರಡು ಡಿಸ್ಕುಗಳು ರೈಡ್ 10ರಲ್ಲಿ ಸೆಕೆಂಡಿಗೆ 640, ರೈಡ್ 5ರಲ್ಲಿ 384, ರೈಡ್ 6ರಲ್ಲಿ ಸುಮಾರು 274 ಕೋರಿಕೆಗಳನ್ನು ಪೂರೈಸುತ್ತವೆ. ಡಿಸ್ಕುಗಳನ್ನು ನಡೆಸುವ ಕಂಟ್ರೋಲರ್‌ನ ಕ್ಯಾಷ್ (ತಾತ್ಕಾಲಿಕ ಮೆಮೊರಿ) ಇದನ್ನು ಸ್ವಲ್ಪ ಮಟ್ಟಿಗೆ ಮರೆಮಾಚುತ್ತದೆ. ಕ್ಯಾಷ್ ತುಂಬಿದ ಮೇಲೆ ಉಳಿಯುವುದು ಇದೇ ಲೆಕ್ಕ. ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಒಂದೊಂದೂ ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆಗಳನ್ನು ಪೂರೈಸಬಲ್ಲದು. ಸೀಮಿತ ಹಣದಲ್ಲಿ ಪ್ರೊಸೆಸರ್ ಬೇಕೋ ಎಸ್‌ಎಸ್‌ಡಿ ಬೇಕೋ ಎಂದು ನನ್ನನ್ನು ಕೇಳಿದರೆ, ಇನ್ನೂ ತಿರುಗುವ ಡಿಸ್ಕಿನಲ್ಲಿ ದತ್ತಾಂಶ ಕೋಶವನ್ನು ಇಟ್ಟುಕೊಂಡಿರುವವರಿಗೆ ಎರಡನೆಯದನ್ನೇ ಹೇಳುತ್ತೇನೆ.

ಇಲ್ಲಿಯೂ ನೋಡಬೇಕಾದದ್ದು ಕಾಯುವ ಸಮಯವನ್ನೇ. ಲಿನಕ್ಸ್‌ನಲ್ಲಿ ಐಒಸ್ಟ್ಯಾಟ್ ಆದೇಶ ತೋರಿಸುವ ಅವೇಟ್ ಅಂಕಣಗಳು, ವಿಎಂವೇರ್‌ನಲ್ಲಿ ಡಿಸ್ಕಿನ ತಡ ಮತ್ತು ಕರ್ನಲ್‌ನ ತಡ ಎಂಬ ಎರಡು ಅಂಕಿಗಳು ಈ ಕೆಲಸಕ್ಕೆ ಇವೆ. ಡಿಸ್ಕಿನ ತಡ ಹೆಚ್ಚಿದ್ದರೆ ಶೇಖರಣಾ ಪೆಟ್ಟಿಗೆಯೇ ಸಾಲದಾಗಿದೆ. ಕರ್ನಲ್‌ನ ತಡ ಹೆಚ್ಚಿದ್ದರೆ ಕೋರಿಕೆಗಳು ಹೋಸ್ಟ್‌ನೊಳಗಿನ ಸರದಿಯಲ್ಲಿಯೇ ನಿಂತಿವೆ. ಎರಡಕ್ಕೂ ಪರಿಹಾರ ಬೇರೆ ಬೇರೆಯಾದ್ದರಿಂದ ನೋಡದೆ ಖರ್ಚು ಮಾಡಬಾರದು. ಡಿಸ್ಕಿನ ಮೇಲಿನ ಹೊರೆಯಲ್ಲಿ ಬಹುಪಾಲು ನಾವೇ ಒಂದೇ ಗಂಟೆಗೆ ಜೋಡಿಸಿಟ್ಟದ್ದಾಗಿರುತ್ತದೆ: ಎಲ್ಲ ಮಷಿನ್‌ಗಳ ಆಂಟಿವೈರಸ್ ತಪಾಸಣೆ ಮಧ್ಯಾಹ್ನ 1ಕ್ಕೆ, ಎಲ್ಲ ಬ್ಯಾಕಪ್ ರಾತ್ರಿ 11ಕ್ಕೆ. ಅವುಗಳನ್ನು ಹಿಂದೆ ಮುಂದೆ ಸರಿಸುವುದಕ್ಕೆ ಹಣ ಬೇಕಿಲ್ಲ. ವಾರಗಟ್ಟಲೆ ಅಳಿಸದೆ ಬಿಟ್ಟ ಸ್ನಾಪ್‌ಶಾಟ್‌ಗಳು (ಮಷಿನ್‌ನ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟ ದಾಖಲೆಗಳು) ಜಾಗವನ್ನು ತಿನ್ನುವುದರ ಜೊತೆಗೆ ಓದು-ಬರಹವನ್ನೂ ನಿಧಾನಗೊಳಿಸುತ್ತವೆ. ಕೊಟ್ಟ ಜಾಗಕ್ಕಿಂತ ಇರುವ ಜಾಗ ಕಡಿಮೆ ಇರುವ ಥಿನ್ ವಿಧಾನದಲ್ಲಿ ಡಿಸ್ಕು ನಿಜವಾಗಿ ತುಂಬಿದ ದಿನ ಹೆಚ್ಚು ಜಾಗ ಕೇಳಿದ ಮಷಿನ್‌ಗಳು ನಿಂತೇ ಹೋಗುತ್ತವೆ. 10 ಟೆರಾಬೈಟ್‌ನಲ್ಲಿ 7 ತುಂಬಿ, ತಿಂಗಳಿಗೆ 150 ಜಿಬಿ ಬೆಳೆಯುತ್ತಿದ್ದರೆ ಪೂರ್ತಿ ತುಂಬಲು 20 ತಿಂಗಳಿವೆ ಎಂದು ತೋರುತ್ತದೆ, ಆದರೆ ಶೇ. 80ರ ಗೆರೆ ಏಳನೆಯ ತಿಂಗಳಿಗೇ ಬರುತ್ತದೆ, ಯೋಜನೆ ಹಾಕಬೇಕಾದದ್ದು ಆ ಗೆರೆಗೆ.

ಜಾಲದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಒಂದು ಗಿಗಾಬಿಟ್ ಕೊಂಡಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಸಾಗಿಸುತ್ತದೆ. ಒಂದು ಟೆರಾಬೈಟ್ ಬ್ಯಾಕಪ್‌ಗೆ, ಬೇರೇನೂ ಓಡದಿದ್ದರೂ, ಎರಡು ಕಾಲು ಗಂಟೆ ಹಿಡಿಯುತ್ತದೆ. ಬ್ಯಾಕಪ್, ಬಳಕೆದಾರರ ಸಂಚಾರ ಮತ್ತು ಹೋಸ್ಟ್‌ನಿಂದ ಹೋಸ್ಟ್‌ಗೆ ಮಷಿನ್ ಸರಿಸುವ ಸಂಚಾರ ಮೂರೂ ಒಂದೇ ಕೊಂಡಿಯಲ್ಲಿದ್ದರೆ ಬೇರ್ಪಡಿಸಿ.

ಇನ್ನು ಯಾವಾಗ ಅಳೆಯಬೇಕು ಎಂಬ ಪ್ರಶ್ನೆ. ದಿನದಲ್ಲಿ 4 ಗಂಟೆ ಬಳಕೆ ಶೇ. 95, ಉಳಿದ 20 ಗಂಟೆ ಶೇ. 20 ಇದ್ದರೆ ದಿನದ ಸರಾಸರಿ ಶೇ. 32.5 ಎಂದು ಬರುತ್ತದೆ. ವರದಿಯಲ್ಲಿ ಈ ಅಂಕಿಯನ್ನು ಓದಿದ ಆಡಳಿತ ಮಂಡಳಿಯವರು ಮೂರನೆಯ ಎರಡು ಭಾಗ ಖಾಲಿ ಇದೆಯಲ್ಲ ಎಂದು ಕೇಳಿದರೆ ಅದು ಅವರ ತಪ್ಪಲ್ಲ. ವಿಸೆಂಟರ್ 20 ಸೆಕೆಂಡಿನ ವಿವರಗಳನ್ನು ಒಂದು ಗಂಟೆ ಮಾತ್ರ ಇಟ್ಟುಕೊಂಡು, ದಿನದ ನಕ್ಷೆಗೆ 5 ನಿಮಿಷದ, ವಾರದ ನಕ್ಷೆಗೆ 30 ನಿಮಿಷದ, ತಿಂಗಳ ನಕ್ಷೆಗೆ 2 ಗಂಟೆಯ, ವರ್ಷದ ನಕ್ಷೆಗೆ ಇಡೀ ದಿನದ ಸರಾಸರಿಯನ್ನು ಉಳಿಸುತ್ತದೆ. ಕಳೆದ ಡಿಸೆಂಬರ್‌ನ ನೂಕುನುಗ್ಗಲನ್ನು ಈ ಜೂನ್‌ನಲ್ಲಿ ಹುಡುಕಿದರೆ ಸಿಗುವುದು ಚಪ್ಪಟೆಯಾದ ಗೆರೆ. ಆದ್ದರಿಂದ ಒತ್ತಡದ ದಿನಗಳ ಅಂಕಿಗಳನ್ನು ಅದೇ ವಾರ ಹೊರಗೆ ತೆಗೆದು ಇಟ್ಟುಕೊಳ್ಳಬೇಕು, ಸರಾಸರಿಯ ಜೊತೆಗೆ ನೂರರಲ್ಲಿ 95 ಅಳತೆಗಳು ಯಾವ ಅಂಕಿಯ ಒಳಗಿವೆ ಎಂಬುದನ್ನೂ ಬರೆಯಬೇಕು. ಲಿನಕ್ಸ್ ಬಳಸುವವರಿಗೆ ಒಂದು ಅನುಕೂಲವಿದೆ: 2018ರ ಡಿಸೆಂಬರ್‌ನಲ್ಲಿ ಬಂದ 4.20ನೆಯ ಕರ್ನಲ್‌ನಿಂದ ಪ್ರೊಸೆಸರ್, ಮೆಮೊರಿ ಮತ್ತು ಓದು-ಬರಹಗಳಿಗಾಗಿ ಕೆಲಸಗಳು ಎಷ್ಟು ಹೊತ್ತು ತಡೆದು ನಿಂತವು ಎಂಬುದನ್ನು ಕರ್ನಲ್ ತಾನೇ ಲೆಕ್ಕವಿಡುತ್ತದೆ. ಪ್ರೆಷರ್ ಎಂಬ ಹೆಸರಿನಲ್ಲಿರುವ ಆ ಕಡತಗಳನ್ನು ನಮ್ಮಲ್ಲಿ ಓದುವವರು ಬಹಳ ಕಡಿಮೆ.

ಸಕ್ಕರೆ ಕಾರ್ಖಾನೆಯ ಗಣಕ ಕೊಠಡಿಯನ್ನೇ ಮತ್ತೆ ತೆಗೆದುಕೊಳ್ಳೋಣ; ಇದು ಲೆಕ್ಕಕ್ಕಾಗಿ ನಾನು ಕಲ್ಪಿಸಿಕೊಂಡ ಕಾರ್ಖಾನೆ. ನುರಿಸುವ ಹಂಗಾಮು ಅಕ್ಟೋಬರ್ ಇಲ್ಲವೇ ನವೆಂಬರ್‌ನಲ್ಲಿ ಆರಂಭವಾಗುತ್ತದೆ. ಪ್ರತಿ ವಾಹನ ಎರಡು ಸಲ, ಕಬ್ಬು ತುಂಬಿದಾಗ ಒಮ್ಮೆ ಖಾಲಿಯಾದಾಗ ಒಮ್ಮೆ, ತೂಗುತ್ತದೆ; ಎರಡೂ ಸಲ ದತ್ತಾಂಶ ಕೋಶಕ್ಕೆ ಬರಹ, ಸ್ಲಿಪ್ಪಿನ ಮುದ್ರಣ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿಸಿದ 14 ದಿನಗಳೊಳಗೆ ರೈತರಿಗೆ ಹಣ ಸಂದಾಯವಾಗಬೇಕು, ತಡವಾದರೆ ವಾರ್ಷಿಕ ಶೇ. 15ರಂತೆ ಬಡ್ಡಿ ಕೊಡಬೇಕು. ಆದ್ದರಿಂದ ಈ ಗಡುವಿಗೆ ಹೊಂದುವಂತೆ ಹಂಗಾಮಿನುದ್ದಕ್ಕೂ ಮತ್ತೆ ಮತ್ತೆ ಬಿಲ್ಲು ತಯಾರಾಗುತ್ತದೆ: ಸಾವಿರಾರು ರೈತರ ತೂಕ, ಕಟಾವು ಮತ್ತು ಸಾಗಾಣಿಕೆಯ ಕಡಿತ, ಸಾಲದ ಕಡಿತ ಎಲ್ಲವನ್ನೂ ದತ್ತಾಂಶ ಕೋಶ ಒಟ್ಟಿಗೆ ಲೆಕ್ಕ ಹಾಕುತ್ತದೆ. ಕಾಟಾ ಆ ಹೊತ್ತಿನಲ್ಲಿಯೂ ನಿಲ್ಲುವುದಿಲ್ಲ. ಬಿಲ್ಲಿನ ಲೆಕ್ಕವೂ ಕಾಟಾದ ಬರಹವೂ ಒಂದೇ ಡಿಸ್ಕುಗಳ ಮುಂದೆ ಸರದಿ ನಿಂತಾಗ ಸ್ಲಿಪ್ಪು ತಡವಾಗುತ್ತದೆ, ಸ್ಲಿಪ್ಪು ತಡವಾದಷ್ಟೂ ಹೊರಗಿನ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ರಾತ್ರಿಯ ಚಳಿಯಲ್ಲಿ ಒಣಗುತ್ತಿರುವ ಕಬ್ಬಿನೊಂದಿಗೆ ಕಾಯುವ ರೈತನಿಗೆ ಅದರಿಂದ ತೂಕದಲ್ಲಿ ನಷ್ಟ. ಈ ಕೆಲಸದ ಬಗ್ಗೆ ನನಗೆ ಇಷ್ಟು ಕಾಳಜಿ ಇರುವುದು ಈ ಕಾರಣದಿಂದ. ಇಂಥ ಕಾರ್ಖಾನೆಯಲ್ಲಿ ಆಗಸ್ಟ್ ತಿಂಗಳಲ್ಲಿ ಅಳೆದ ಅಂಕಿಗಳಿಂದ ಏನೂ ತಿಳಿಯುವುದಿಲ್ಲ. ಅಳೆಯಬೇಕಾದದ್ದು ಹಂಗಾಮಿನ ನಡುವಿನ ಬಿಲ್ಲಿನ ದಿನದಂದು. ಸಹಕಾರಿ ಬ್ಯಾಂಕಿಗೆ ಮಾರ್ಚ್ 31, ಕಾಲೇಜಿಗೆ ಪ್ರವೇಶದ ಮತ್ತು ಫಲಿತಾಂಶದ ದಿನಗಳು, ಆಸ್ಪತ್ರೆಗೆ ಸೋಮವಾರದ ಬೆಳಗಿನ ಹೊರರೋಗಿ ವಿಭಾಗ ಹಾಗೆಯೇ.

ಈ ಕಾರ್ಖಾನೆಯಲ್ಲಿ ಮೂರು ಹೋಸ್ಟ್‌ಗಳಿವೆ, ಪ್ರತಿಯೊಂದರಲ್ಲಿ 32 ಕೋರ್ ಮತ್ತು 256 ಜಿಬಿ ಮೆಮೊರಿ ಇದೆ ಎನ್ನೋಣ. ಮಷಿನ್‌ಗಳು 40; ಸರಾಸರಿ 4 ಪ್ರೊಸೆಸರ್ ಮತ್ತು 12 ಜಿಬಿ, ಒಟ್ಟು 160 ಪ್ರೊಸೆಸರ್ ಮತ್ತು 480 ಜಿಬಿ. ಮೂರೂ ಹೋಸ್ಟ್‌ಗಳು ನಡೆಯುತ್ತಿರುವಾಗ 96 ಕೋರ್‌ಗೆ 160, ಅಂದರೆ ಒಂದಕ್ಕೆ ಎರಡಕ್ಕಿಂತ ಕಡಿಮೆ. ಮೆಮೊರಿ 768ರಲ್ಲಿ 480. ಎಲ್ಲವೂ ಆರಾಮವಾಗಿದೆ. ಒಂದು ಹೋಸ್ಟ್ ಕೆಟ್ಟಿತು ಎನ್ನಿ. ಈಗ 64 ಕೋರ್‌ಗೆ 160, ಒಂದಕ್ಕೆ ಎರಡೂವರೆ, ಇದನ್ನೂ ತಡೆದುಕೊಳ್ಳಬಹುದು. ಮೆಮೊರಿ 512 ಜಿಬಿ, ಅದರಲ್ಲಿ ಹೈಪರ್‌ವೈಸರ್‌ಗೂ ಮಷಿನ್‌ಗಳ ನಿರ್ವಹಣೆಗೂ ಹತ್ತನೆಯ ಒಂದು ಭಾಗ ಬಿಟ್ಟರೆ ಸುಮಾರು 460. ಬೇಕಾದದ್ದು 480. ಇಪ್ಪತ್ತು ಜಿಬಿ ಕೊರತೆ, ಅದೂ ಹೋಸ್ಟ್ ಕೆಟ್ಟ ರಾತ್ರಿಯಂದೇ. ಹೀಗೆ ಒಂದು ಹೋಸ್ಟ್ ಇಲ್ಲದಾಗಲೂ ನಡೆಯಬೇಕೆಂದಾದರೆ ಮೂರು ಹೋಸ್ಟ್‌ಗಳ ಗುಂಪಿನಲ್ಲಿ, ನಿರ್ವಹಣೆಯ ಪಾಲನ್ನು ಕಳೆದು ಉಳಿದದ್ದರಲ್ಲಿ, ಒಟ್ಟು ಬಳಕೆ ಶೇ. 66 ದಾಟಬಾರದು, ನಾಲ್ಕಿದ್ದರೆ ಶೇ. 75. ಕೊರತೆಯನ್ನು ತುಂಬಲು ಮೆಮೊರಿ ಕೊಳ್ಳುವ ಮೊದಲು ಆ ನಲವತ್ತರ ಪಟ್ಟಿಯನ್ನು ಓದಿ ನೋಡಿ: ಮುಗಿದುಹೋದ ಪರೀಕ್ಷೆಗೆ ಮಾಡಿದ್ದು, ಹಳೆಯ ಹಾಜರಾತಿ ತಂತ್ರಾಂಶದ್ದು, ಯಾರದೆಂದು ಯಾರಿಗೂ ತಿಳಿಯದ್ದು ಒಂದೆರಡಾದರೂ ಇರುತ್ತವೆ. ಎರಡು ಮಷಿನ್ ನಿಲ್ಲಿಸಿದರೆ 24 ಜಿಬಿ ಬಿಡುವಾಗಿ ಈ ಲೆಕ್ಕ ಸರಿಹೋಗುತ್ತದೆ. ನಿಲ್ಲಿಸಬಾರದ್ದನ್ನು ನಿಲ್ಲಿಸದಿರಲು ಪ್ರತಿ ಮಷಿನ್‌ಗೂ ಒಬ್ಬ ಹೊಣೆಗಾರನ ಹೆಸರನ್ನೂ ಯಾವ ದಿನಾಂಕದವರೆಗೆ ಬೇಕು ಎಂಬುದನ್ನೂ ಬರೆದಿಡುವ ಪದ್ಧತಿ ಇರಬೇಕು.

ಸ್ವಲ್ಪ ಹೊರಗಿನ ವಿಷಯವೆನಿಸಿದರೂ ನಮ್ಮ ಬಿಸಿಲನ್ನು ಬಿಟ್ಟು ಮುಂದೆ ಹೋಗಲಾರೆ. ಬಾಗಲಕೋಟೆ, ವಿಜಯಪುರಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ಸರ್ವರ್ ಒಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿಯೊಳಗೆ ಇರಬೇಕೆಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಶಿಫಾರಸು. ಕೊಠಡಿಯ ಹವಾನಿಯಂತ್ರಕ ಸೋತಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಬಳಕೆಯ ಪ್ರಮಾಣ ಮಾತ್ರ ಏರಿದಂತೆ ಕಾಣುತ್ತದೆ, ಕೆಲಸ ಹೆಚ್ಚಾಗಿರುವುದಿಲ್ಲ. ಹೊಸ ಹೋಸ್ಟ್ ಸೇರಿಸುವಾಗ ಯುಪಿಎಸ್ ಎಷ್ಟು ಹೊತ್ತು ಹೊರೆ ಹೊರುತ್ತದೆ, ವಿದ್ಯುತ್ ಹೋದಾಗ ಹವಾನಿಯಂತ್ರಕಕ್ಕೂ ಜನರೇಟರ್‌ನ ಸಂಪರ್ಕವಿದೆಯೇ ಎಂಬುದನ್ನು ಸಾಮರ್ಥ್ಯ ಯೋಜನೆಯ ಕಡತದಲ್ಲಿಯೇ ಬರೆಯಬೇಕು. ಹೋಸ್ಟ್‌ನ ಬಯೋಸ್‌ನಲ್ಲಿ (ಯಂತ್ರ ಆರಂಭವಾಗುವಾಗ ಓಡುವ ಮೂಲ ತಂತ್ರಾಂಶದಲ್ಲಿ) ವಿದ್ಯುತ್ ಉಳಿತಾಯದ ಆಯ್ಕೆ ಮಿತಿಮೀರಿ ಇದ್ದರೂ ಇದೇ ಲಕ್ಷಣ ಕಾಣುತ್ತದೆ ಎಂಬುದನ್ನು ಇದರ ಜೊತೆಗೇ ನೆನಪಿಡಿ.

ಕೊನೆಯದು ಕಾಲದ ಲೆಕ್ಕ. ಬೆಳವಣಿಗೆಯ ಗೆರೆ ಎಲ್ಲಿ ಮಿತಿಯನ್ನು ಮುಟ್ಟುತ್ತದೆ ಎಂದು ತಿಳಿದರೆ ಸಾಲದು. ಕೊಂಡು ತರಲು ಎಷ್ಟು ಕಾಲ ಬೇಕೋ ಅಷ್ಟು ಹಿಂದೆ ಸರಿಯಬೇಕು. ಸರ್ಕಾರಿ ಸಂಸ್ಥೆಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಂತೆ ಟೆಂಡರ್ ಕರೆಯಬೇಕು. ಸಹಕಾರಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿಯ ಸಭೆ, ದರಪಟ್ಟಿ, ಮಂಜೂರಾತಿ. ಅದರ ಮೇಲೆ ಸರಬರಾಜು, ಅಳವಡಿಕೆ, ಪರೀಕ್ಷೆ. ಇವೆಲ್ಲಕ್ಕೆ ಆರು ತಿಂಗಳು ಬೇಕೆಂದಾದರೆ ನವೆಂಬರ್‌ನ ಹಂಗಾಮಿಗೆ ಬೇಡಿಕೆ ಪತ್ರ ಏಪ್ರಿಲ್ ಕೊನೆಯಲ್ಲಿಯೇ ಸಭೆಯ ಮುಂದಿರಬೇಕು, ಅಂದರೆ ಅದಕ್ಕೆ ಆಧಾರವಾದ ಅಳತೆಗಳು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ನಡೆದಿರಬೇಕು. ಪತ್ರದಲ್ಲಿ ಸರ್ವರ್ ಹಳೆಯದಾಗಿದೆ ಎಂದು ಬರೆಯಬೇಡಿ. ಬಿಲ್ಲಿನ ದಿನ ಡಿಸ್ಕಿನ ಪ್ರತಿ ಬರಹಕ್ಕೆ ಇಷ್ಟು ಮಿಲಿಸೆಕೆಂಡ್ ಹಿಡಿಯಿತು, ಅದರಿಂದ ಕಾಟಾದ ಸ್ಲಿಪ್ಪು ಇಷ್ಟು ಸೆಕೆಂಡ್ ತಡವಾಯಿತು, ವರ್ಷಕ್ಕೆ ಇಷ್ಟು ರೈತರು ಹೆಚ್ಚುತ್ತಿದ್ದಾರೆ, ಒಂದು ಹೋಸ್ಟ್ ಕೆಟ್ಟರೆ ಇಷ್ಟು ಜಿಬಿ ಕೊರತೆ ಎಂದು ಬರೆಯಿರಿ. ಗಣಕದ ಪರಿಚಯವಿಲ್ಲದ ನಿರ್ದೇಶಕರಿಗೂ ಅದು ಅರ್ಥವಾಗುತ್ತದೆ. ಹೊಸ ಯಂತ್ರ ಬಂದ ಮೇಲೆ ಹಂಗಾಮಿನ ಮೊದಲ ಬಿಲ್ಲು ನಡೆಯುವ ರಾತ್ರಿ ಒಬ್ಬರು ಪರದೆಯ ಮುಂದೆ ಕುಳಿತು ಪ್ರತಿ ಪ್ರೊಸೆಸರ್‌ನ ರೆಡಿ ಟೈಮ್, ಹೋಸ್ಟ್‌ನ ಸ್ವಾಪ್ ಮತ್ತು ಡಿಸ್ಕಿನ ತಡ ಈ ಮೂರನ್ನು ಹತ್ತು ಹತ್ತು ನಿಮಿಷಕ್ಕೆ ದಾಖಲಿಸಿ, ಹಳೆಯ ಯಂತ್ರದ ಅದೇ ಮೂರು ಅಂಕಿಗಳ ಪಕ್ಕದಲ್ಲಿ ಬರೆದು, ಮುಂದಿನ ಸಭೆಯ ಕಡತಕ್ಕೆ ಸೇರಿಸಬೇಕು.